ಪ್ರತಿ ಮಾಡುವವರ ಚರಿತ್ರೆ

ವರ್ಗಾವಣೆಯ ಆದೇಶ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಮೊದಲು ಕಟ್ಟುವುದು ಪುಸ್ತಕಗಳನ್ನು. ಕಟ್ಟದೆ ಕೈಚೀಲದಲ್ಲಿಯೇ ಒಯ್ಯುವುದು ಒಡವೆಯ ಡಬ್ಬಿಯನ್ನೂ ಎರಡು ಹಾರ್ಡ್ ಡಿಸ್ಕ್‌ಗಳನ್ನೂ. ನಾಗಪುರದಿಂದ ದೆಹಲಿಗೆ, ದೆಹಲಿಯಿಂದ ಪುಣೆಗೆ ಅವು ಹಾಗೆಯೇ ನಮ್ಮೊಡನೆ ಬಂದಿವೆ. ಎರಡರಲ್ಲಿಯೂ ಇದ್ದುದು ಒಂದೇ ಸಂಗ್ರಹ, ಸುಮಾರು ಮೂರು ಟೆರಾಬೈಟ್: ಎರಡು ದಶಕಗಳ ಛಾಯಾಚಿತ್ರಗಳು, ವಿಡಿಯೋ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಮದುವೆಯ ಚಿತ್ರಣ, ಮಕ್ಕಳ ಶಾಲೆಯ ಕಾರ್ಯಕ್ರಮಗಳು, ಹೋದ ಹೋದ ಊರಿನ ಕನ್ನಡ ಸಂಘದ ರಾಜ್ಯೋತ್ಸವದ ನಾಟಕಗಳು, ಡಿವಿಡಿಗಳಿಂದ ನಕಲು ಮಾಡಿಟ್ಟ ಹಳೆಯ ಕನ್ನಡ ಚಲನಚಿತ್ರಗಳು. ಇವೆಲ್ಲಕ್ಕೂ ಹಿಂದಿನವು, ಧಾರವಾಡದ ಮನೆಯಲ್ಲಿ 1980ರ ದಶಕದಲ್ಲಿ ತಂದೆಯವರು ಧ್ವನಿಮುದ್ರಿಸಿಕೊಂಡ ಅಜ್ಜಿಯ ಬೀಸುವ ಪದಗಳು. ಅವು ಹನ್ನೊಂದು ಕ್ಯಾಸೆಟ್ಟುಗಳಷ್ಟಿದ್ದವು.

ಎರಡು ವರ್ಷಗಳ ಹಿಂದೆ ಅಜ್ಜಿಯ ಶ್ರಾದ್ಧದ ದಿನ ಆ ಪದಗಳನ್ನು ಕೇಳೋಣವೆಂದು ಕಂಪ್ಯೂಟರ್ ತೆರೆದರೆ ಆ ಫೋಲ್ಡರ್ ಅಲ್ಲಿರಲಿಲ್ಲ. ಎರಡನೆಯ ಡಿಸ್ಕನ್ನು ಜೋಡಿಸಿ ನೋಡಿದೆವು; ಅಲ್ಲಿಯೂ ಇರಲಿಲ್ಲ. ಡಿಸ್ಕ್‌ಗಳೆರಡೂ ಸುಸ್ಥಿತಿಯಲ್ಲಿಯೇ ಇದ್ದವು. ನೆನಪು ಮಾಡಿಕೊಂಡಾಗ ಸಂಗತಿ ತಿಳಿಯಿತು. ಎಂಟು ತಿಂಗಳ ಹಿಂದೆ ಸ್ಥಳ ಸಾಲದೆ ಬಂದಾಗ, ‘ಹಳೆಯವು’ ಎಂಬ ಹೆಸರಿನ ಫೋಲ್ಡರನ್ನು ನಾವೇ ಅಳಿಸಿದ್ದೆವು. ಅದರಲ್ಲಿದ್ದುದೆಲ್ಲ ಬೇರೆಡೆಯೂ ಇದೆಯೆಂದು ನಂಬಿದ್ದೆವು. ಎರಡು ಡಿಸ್ಕ್‌ಗಳನ್ನೂ ಸದಾ ಒಂದೇ ರೂಪದಲ್ಲಿಡಲು ನಾವು ಹಾಕಿಕೊಂಡಿದ್ದ ಉಚಿತ ತಂತ್ರಾಂಶ ಅಂದು ರಾತ್ರಿಯೇ ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ನೆರವೇರಿಸಿ, ಎರಡನೆಯ ಡಿಸ್ಕಿನಿಂದಲೂ ಅದನ್ನು ಅಳಿಸಿತ್ತು. ಮೂಲ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದ್ದರಿಂದ ನಾಗಪುರ ಬಿಡುವಾಗಲೇ ಅವನ್ನು ಎಸೆದಿದ್ದೆವು. ಅಳಿಸಿದ್ದನ್ನು ಹುಡುಕಿಕೊಡುವ ತಂತ್ರಾಂಶಗಳಿಂದ ಏಳು ಕ್ಯಾಸೆಟ್ಟುಗಳಷ್ಟು ಹಾಡು ಮರಳಿ ಬಂದಿತು. ನಾಲ್ಕು ಬರಲಿಲ್ಲ.

ಇಂಥ ಸಂಗ್ರಹಕ್ಕೆ ಯಾವ ಬ್ಯಾಕಪ್ ತಂತ್ರಾಂಶ ಯೋಗ್ಯ ಎಂದು ನಾವು ಗಂಭೀರವಾಗಿ ವಿಚಾರಿಸಿದ್ದು ಆ ನಂತರ. ಹೋಲಿಕೆಯ ಪಟ್ಟಿಗಳಿಗೆ ಬರವಿಲ್ಲ. ಆದರೆ ಅವುಗಳಿಗಿಂತ ನಮಗೆ ಒದಗಿದ್ದು ಆ ತಂತ್ರಾಂಶಗಳ ಚರಿತ್ರೆ. ಒಂದೊಂದೂ ಒಂದೊಂದು ಬಗೆಯ ನಷ್ಟದ ಭಯದಿಂದ, ಇಲ್ಲವೆ ಒಂದೊಂದು ಕೊರತೆಯಿಂದ ಹುಟ್ಟಿಕೊಂಡದ್ದು. ಯಾವುದರಿಂದ ಹುಟ್ಟಿತೆಂದು ಅರಿತರೆ ಅದು ಏನನ್ನು ಕಾಯಬಲ್ಲದು, ಏನನ್ನು ಕಾಯಲಾರದು ಎಂಬುದೂ ಸ್ಪಷ್ಟವಾಗುತ್ತದೆ.

ಮೊದಲಿನ ಭಯ ಯಂತ್ರದ್ದು. ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದ ಮೊತ್ತಮೊದಲ ಹಾರ್ಡ್ ಡಿಸ್ಕ್ ಐವತ್ತು ತಟ್ಟೆಗಳ ಗೋಪುರವಾಗಿತ್ತು. ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಮೊಬೈಲಿನ ಒಂದೆರಡು ಚಿತ್ರಗಳಿಗೆ ಅದು ಸಾಲುತ್ತಿತ್ತು. ಬೆಲೆಬಾಳುವ ಇಂಥ ಯಂತ್ರಗಳಲ್ಲಿದ್ದುದನ್ನು ಅಗ್ಗವಾದ ಕಾಂತೀಯ ಟೇಪುಗಳಿಗೆ ನಕಲು ಮಾಡಿಡುವ ಪದ್ಧತಿ ಬೆಳೆಯಿತು. ಗಣಕ ಕೇಂದ್ರಗಳವರು ಟೇಪುಗಳನ್ನು ಸರದಿಯಂತೆ ಬಳಸಿ, ಮೂರು ತಲೆಮಾರಿನ ಪ್ರತಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಆ ವ್ಯವಸ್ಥೆಗೆ ಅವರಿಟ್ಟ ಹೆಸರು ‘ಅಜ್ಜ–ತಂದೆ–ಮಗ’. ಇಂದಿನ ಪ್ರತಿಯಲ್ಲಿ ತಪ್ಪು ನುಸುಳಿದ್ದರೆ ನಿನ್ನೆಯದು, ನಿನ್ನೆಯದೂ ಕೆಟ್ಟಿದ್ದರೆ ಅದರ ಹಿಂದಿನದು. ಪ್ರತಿ ಎಂಬುದು ಒಂದು ವಸ್ತುವಾಗಿರದೆ ಒಂದು ವಂಶಾವಳಿಯಾಗಿರಬೇಕೆಂಬ ಈ ತಿಳಿವಳಿಕೆ ಅಷ್ಟು ಹಳೆಯದು. ನಮ್ಮ ಕೈಚೀಲದಲ್ಲಿ ಇದ್ದವರು ಅವಳಿ ಮಕ್ಕಳು ಮಾತ್ರ; ತಂದೆಯೂ ಇರಲಿಲ್ಲ, ಅಜ್ಜನೂ ಇರಲಿಲ್ಲ.

1979ರಲ್ಲಿ ಹೊರಬಂದ ಯೂನಿಕ್ಸ್ ವ್ಯವಸ್ಥೆಯ ಏಳನೆಯ ಆವೃತ್ತಿಯಲ್ಲಿ ‘ಟಾರ್’ ಎಂಬ ಪುಟ್ಟ ತಂತ್ರಾಂಶವಿತ್ತು. ಟೇಪ್ ಭಂಡಾರ ಎಂಬುದರ ಹ್ರಸ್ವರೂಪ ಆ ಹೆಸರು. ಅದು ಮಾಡುತ್ತಿದ್ದುದು ಇಷ್ಟೇ: ಹಲವು ಕಡತಗಳನ್ನು ಒಂದರ ಹಿಂದೊಂದು ಪೋಣಿಸಿ ಟೇಪಿಗೆ ಬರೆಯುವುದು. ಆ ರಚನೆ ಎಷ್ಟು ಸರಳವೆಂದರೆ ಅದನ್ನು ತೆರೆಯಬಲ್ಲ ತಂತ್ರಾಂಶ ಇಂದಿಗೂ ಎಲ್ಲ ಕಡೆ ಸಿಗುತ್ತದೆ. ಟೇಪುಗಳು ಕಣ್ಮರೆಯಾದ ಮೇಲೂ ಟಾರ್ ಉಳಿದಿದೆ. ಮನೆಯ ಸಂಗ್ರಹವನ್ನು ಮೂವತ್ತು ನಲವತ್ತು ವರ್ಷ ಕಾಯಬೇಕೆನ್ನುವವರು ಇದನ್ನು ಗಮನಿಸಬೇಕು. ತನ್ನದೇ ಗುಪ್ತ ರೂಪದಲ್ಲಿ ಎಲ್ಲವನ್ನೂ ಕಟ್ಟಿಡುವ ತಂತ್ರಾಂಶವನ್ನು ನೆಚ್ಚಿದರೆ, ಅದನ್ನು ತಯಾರಿಸಿದವರು ಅಂಗಡಿ ಮುಚ್ಚಿದ ದಿನ ನಮ್ಮ ಚಿತ್ರಗಳಿಗೂ ಬೀಗ ಬೀಳುತ್ತದೆ.

ಯಂತ್ರದ ಭಯಕ್ಕೆ ಇನ್ನೊಂದು ಉತ್ತರ 1988ರಲ್ಲಿ ಬಂದಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಅವರು ಅಗ್ಗದ ಹಲವು ಡಿಸ್ಕ್‌ಗಳನ್ನು ಒಂದಾಗಿ ಕೂಡಿಸುವ ‘ರೇಡ್’ ವಿಧಾನಗಳನ್ನು ವಿವರಿಸಿದರು. ಅದರ ಸರಳ ರೂಪದಲ್ಲಿ ಒಂದು ಡಿಸ್ಕ್ ಇನ್ನೊಂದರ ಕನ್ನಡಿ. ಒಂದು ಕೆಟ್ಟರೆ ಕೆಲಸ ನಿಲ್ಲದು. ಬ್ಯಾಂಕಿಗೆ, ರೈಲ್ವೆ ಟಿಕೆಟಿನಂಥ ವ್ಯವಸ್ಥೆಗೆ ಇದು ಅತ್ಯಗತ್ಯ. ಆದರೆ ಕನ್ನಡಿಗೆ ನೆನಪಿಲ್ಲ. ಎದುರಿಗಿದ್ದವರು ಎದ್ದು ಹೋದರೆ ಪ್ರತಿಬಿಂಬವೂ ಹೋಗುತ್ತದೆ. ಕನ್ನಡಿಯನ್ನೇ ಬ್ಯಾಕಪ್ ಎಂದು ತಿಳಿದದ್ದು ನಾವು ಮಾಡಿದ ತಪ್ಪು. ಮನೆಗೊಂದು ರೇಡ್ ಪೆಟ್ಟಿಗೆ ತಂದು ನಿಶ್ಚಿಂತರಾಗಿರುವ ಅನೇಕರು ಈಗಲೂ ಮಾಡುತ್ತಿರುವ ತಪ್ಪು ಕೂಡ.

ಎರಡನೆಯ ಭಯ ಮನುಷ್ಯನ ಕೈತಪ್ಪಿನದು. 1998ರಲ್ಲಿ ಪಿಕ್ಸರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಅಳಿಸುವ ಆದೇಶ ತಪ್ಪು ಜಾಗದಲ್ಲಿ ಓಡಿ, ಪಾತ್ರಗಳೂ ದೃಶ್ಯಗಳೂ ಒಂದೊಂದಾಗಿ ಮಾಯವಾಗತೊಡಗಿದವು. ಸಂಸ್ಥೆಯ ಬ್ಯಾಕಪ್‌ಗೆ ಕೈಹಾಕಿದರೆ ಅದು ಕೆಲಕಾಲದಿಂದ ಸರಿಯಾಗಿ ನಡೆದೇ ಇರಲಿಲ್ಲ. ಚಿತ್ರವನ್ನು ಉಳಿಸಿದ್ದು ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್‌ಮನ್. ಬಾಣಂತನದ ಕಾರಣ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವರ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಒಂದು ಪ್ರತಿಯಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿಟ್ಟು ಜೋಪಾನವಾಗಿ ಸ್ಟುಡಿಯೋಗೆ ತಂದರು. ದೊಡ್ಡ ಸಂಸ್ಥೆಯ ವ್ಯವಸ್ಥೆ ಕೈಕೊಟ್ಟಾಗ ಕಾದದ್ದು ಬೇರೆ ಸ್ಥಳದಲ್ಲಿ, ಬೇರೆಯವರ ಬಳಿ, ಬೇರೆ ಉದ್ದೇಶಕ್ಕಾಗಿ ಇದ್ದ ಪ್ರತಿ.

ಬೇರೆ ಸ್ಥಳದ ಪ್ರತಿಯನ್ನು ಆಗಾಗ ಹೊಸದಾಗಿಸುವುದು ಮೊದಲು ಬಲು ನಿಧಾನದ ಕೆಲಸವಾಗಿತ್ತು. ಅದನ್ನು ಬದಲಿಸಿದ್ದು 1996ರಲ್ಲಿ ಆಸ್ಟ್ರೇಲಿಯಾದ ಆ್ಯಂಡ್ರೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಬರೆದ ‘ಆರ್‌ಸಿಂಕ್’. ಕಡತದ ತುಂಡುಗಳ ಲೆಕ್ಕವನ್ನು ಎರಡೂ ಕಡೆ ಹೋಲಿಸಿ, ಬದಲಾದ ಭಾಗವನ್ನು ಮಾತ್ರ ತಂತಿಯ ಮೇಲೆ ಕಳುಹಿಸುವುದು ಅದರ ಜಾಣ್ಮೆ. ಅದು ಪ್ರತಿಯನ್ನು ಸಾಧಾರಣ ಫೋಲ್ಡರುಗಳಾಗಿಯೇ ಇಡುತ್ತದೆ. ತೆರೆಯಲು ಬೇರೆ ತಂತ್ರಾಂಶ ಬೇಕಿಲ್ಲ. ಆದರೆ ‘ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಲ್ಲೂ ಅಳಿಸು’ ಎಂಬ ಆಯ್ಕೆ ಅದಕ್ಕೂ ಇದೆ. ನಮ್ಮನ್ನು ಕೆಡವಿದ ಗುಂಡಿ ಅದೇ. ಅಳಿಸಬೇಕಾದ ಕಡತಗಳನ್ನು ದಿನಾಂಕದ ಹೆಸರಿನ ಬೇರೊಂದು ಫೋಲ್ಡರಿಗೆ ಸರಿಸಿಡು ಎಂದೂ ಅದಕ್ಕೆ ಹೇಳಬಹುದೆಂಬುದು ನಮಗೆ ತಡವಾಗಿ ತಿಳಿಯಿತು.

ಅಜ್ಜ–ತಂದೆ–ಮಗನ ಪದ್ಧತಿಯನ್ನು ಸಾಮಾನ್ಯರ ಮನೆಗೆ ತಂದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಆ್ಯಪಲ್ ಸಂಸ್ಥೆ 2007ರಲ್ಲಿ ತಂದ ‘ಟೈಮ್ ಮಷೀನ್’ಗೆ ಸಲ್ಲಬೇಕು. ಹಿಂದಿನ 24 ಗಂಟೆಗಳಿಗೆ ಗಂಟೆಗೊಂದು, ಹಿಂದಿನ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿಯನ್ನು ಅದು ತಾನಾಗಿಯೇ ಇಡುತ್ತದೆ. ಡಿಸ್ಕ್ ತುಂಬಿದಾಗ ಅತಿ ಹಳೆಯದನ್ನು ಬಿಡುತ್ತದೆ. ಆದ್ದರಿಂದ ಅದನ್ನು ಬಳಸುವವರೂ ಸಂಗ್ರಹಕ್ಕಿಂತ ಸಾಕಷ್ಟು ದೊಡ್ಡ ಡಿಸ್ಕನ್ನು ಕೊಳ್ಳಬೇಕು.

ಇದಕ್ಕೂ ಮುಂಚೆ, 2002ರಲ್ಲಿ, ಬೆಲ್ ಲ್ಯಾಬ್ಸ್‌ನ ಶಾನ್ ಕ್ವಿನ್‌ಲನ್ ಮತ್ತು ಶಾನ್ ಡಾರ್ವರ್ಡ್ ‘ವೆಂಟಿ’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದ್ದರು. ಪ್ರತಿಯೊಂದು ತುಂಡಿಗೂ ಅದರ ಒಳಗಿನ ಅಂಶದಿಂದಲೇ ಲೆಕ್ಕ ಹಾಕಿದ ಒಂದು ಬೆರಳಚ್ಚು. ಬೆರಳಚ್ಚು ಒಂದೇ ಆಗಿದ್ದರೆ ಅದನ್ನು ಎರಡನೆಯ ಸಲ ಇಡಬೇಕಿಲ್ಲ. ಒಮ್ಮೆ ಬರೆದದ್ದನ್ನು ತಿದ್ದುವಂತಿಲ್ಲ. ಇಂದು ಬಲ್ಲವರು ಶಿಫಾರಸು ಮಾಡುವ ‘ರೆಸ್ಟಿಕ್’ ಹಾಗೂ ‘ಅಟಿಕ್’ನಿಂದ 2015ರಲ್ಲಿ ಕವಲೊಡೆದ ‘ಬೋರ್ಗ್’ ಬೆರಳಚ್ಚಿನ ಈ ತತ್ತ್ವದ ಮೇಲೆಯೇ ನಿಂತಿವೆ. ಇವುಗಳ ಹೊಗಳಿಕೆಯಲ್ಲಿ ಸ್ಥಳದ ಉಳಿತಾಯಕ್ಕೆ ಅಗ್ರಸ್ಥಾನ. ಮನೆಯ ಸಂಗ್ರಹಕ್ಕೆ ಆ ಮಾತು ಅಷ್ಟಾಗಿ ಅನ್ವಯಿಸದು. ಜೆಪೆಗ್ ಚಿತ್ರಗಳು, ಎಂಪಿ3 ಹಾಡುಗಳು, ಇಂದಿನ ವಿಡಿಯೋಗಳು ಮೊದಲೇ ಹಿಂಡಿ ಚಿಕ್ಕದಾಗಿಸಿದವು. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ನೀರು ಬಾರದು. ನಮಗೆ ದೊರೆಯುವ ಲಾಭ ಬೇರೆ. ಫೋಲ್ಡರಿನ ಹೆಸರನ್ನು ಬದಲಾಯಿಸಿದರೂ ಅದರಲ್ಲಿರುವುದು ಮತ್ತೆ ನಕಲಾಗುವುದಿಲ್ಲ, ಹಿಂದಿನ ಸ್ಥಿತಿಗಳು ಹಾಗೆಯೇ ಉಳಿಯುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಬೆರಳಚ್ಚುಗಳಿಂದ ಪ್ರತಿ ಕೆಟ್ಟಿದೆಯೋ ಇಲ್ಲವೋ ಎಂದು ಪರೀಕ್ಷಿಸಬಹುದು.

ಈ ಪರೀಕ್ಷೆಯೇ ಎಲ್ಲರೂ ಮುಂದೂಡುವ ಕೆಲಸ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ತಪ್ಪು ಗಣಕದಲ್ಲಿ ದತ್ತಾಂಶ ಅಳಿಸಿದರು. ಸಂಸ್ಥೆಯಲ್ಲಿ ಐದು ಬಗೆಯ ರಕ್ಷಣೆಯ ಏರ್ಪಾಡುಗಳಿದ್ದವು. ಸಮಯಕ್ಕೆ ಯಾವುದೂ ನೆಟ್ಟಗೆ ಒದಗಲಿಲ್ಲವೆಂದು ಅವರೇ ಬಹಿರಂಗವಾಗಿ ಒಪ್ಪಿಕೊಂಡರು. ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಪ್ರತಿಯೊಂದು ಸಿಕ್ಕಿ, ನಷ್ಟ ಆ ಆರು ಗಂಟೆಗಳಿಗೆ ಸೀಮಿತವಾಯಿತು.

ಪ್ರತಿಯನ್ನು ಮೂಲದೊಡನೆ ಒಪ್ಪಿಸಿ ನೋಡುವ ಕೆಲಸ ಕಂಪ್ಯೂಟರಿನೊಡನೆ ಹುಟ್ಟಿದ್ದಲ್ಲ. ಎಂ.ಎ. ತರಗತಿಯಲ್ಲಿ ಶೇಕ್ಸ್‌ಪಿಯರನ ನಾಟಕಗಳ ಪಾಠಾಂತರಗಳನ್ನು ಓದುವಾಗ ಅದೊಂದು ದೂರದ ವಿದ್ವತ್ತಿನಂತೆ ತೋರುತ್ತಿತ್ತು. ಅಂಥದೇ ಚರಿತ್ರೆ ನಮ್ಮ ಮೂಡುಬಿದಿರೆಯಲ್ಲಿದೆ. ಜೈನರ ಪ್ರಾಚೀನ ಪ್ರಾಕೃತ ಸಿದ್ಧಾಂತ ಗ್ರಂಥವಾದ ಷಟ್ಖಂಡಾಗಮ, ಅದರ ಟೀಕೆಯಾದ ಧವಲಾದೊಡನೆ, ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಹಳೆಗನ್ನಡ ಲಿಪಿಯ ಓಲೆಗರಿಗಳಲ್ಲಿ ಉಳಿದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ನಕಲು ಕಾರ್ಯ ಆರಂಭವಾಯಿತು. ಗುಟ್ಟಾಗಿ ಹೊರಬಿದ್ದ ಒಂದು ಕನ್ನಡ ಪ್ರತಿ ಉತ್ತರದ ಸಹಾರನ್‌ಪುರವನ್ನು ಸೇರಿತು. ಅದರಿಂದ ನಾಗರಿ ಪ್ರತಿಗಳು ಹುಟ್ಟಿ ಹಲವು ಊರುಗಳಿಗೆ ಹರಡಿದವು. ಅಂಥ ಪ್ರತಿಗಳ ಆಧಾರದಿಂದ ಹೀರಾಲಾಲ್ ಜೈನ್ ಅವರು 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟವನ್ನು ಹೊರತಂದರು. 93ನೆಯ ಸೂತ್ರವನ್ನು ಸಂಪಾದಿಸುವಾಗ ಅಲ್ಲೊಂದು ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರಿಗೆ ಅನುಮಾನ ಬಂದಿತು. ಮುಂದೆ ಮೂಡುಬಿದಿರೆಯ ಓಲೆಗಳೊಡನೆ ಒಪ್ಪಿಸಿ ನೋಡಿದಾಗ ‘ಸಂಜದ’ ಎಂಬ ಪದ ಅಲ್ಲಿ ಇದ್ದೇ ಇತ್ತು. ಸಂಜದ ಎಂದರೆ ಸಂಯಮಿ. ಆ ಒಂದು ಪದ ಇರುವುದೋ ಇಲ್ಲದಿರುವುದೋ ಎಂಬುದರ ಮೇಲೆ, ಸ್ತ್ರೀಯರ ಆಧ್ಯಾತ್ಮಿಕ ಅರ್ಹತೆಯ ಕುರಿತು ವಿದ್ವಾಂಸರಲ್ಲಿ ದೊಡ್ಡ ವಾದವೇ ನಡೆಯಿತು.

ಇಲ್ಲಿ ಎರಡು ಪಾಠಗಳಿವೆ. ನಕಲು ಮಾಡಿ ಹಂಚದೆ ಇದ್ದಿದ್ದರೆ ಗ್ರಂಥ ಒಂದೇ ಬಸದಿಯ ಭಾಗ್ಯಕ್ಕೆ ಬಿದ್ದಿರುತ್ತಿತ್ತು. ಮೂಲವನ್ನು ಉಳಿಸಿಕೊಳ್ಳದೆ ಇದ್ದಿದ್ದರೆ ಆ ಪದ ಮರಳುತ್ತಿರಲಿಲ್ಲ. ಕ್ಯಾಸೆಟ್ಟುಗಳನ್ನು ಎಸೆದ ನಾಗಪುರದ ಆ ದಿನ ನಮಗೆ ಈ ಎರಡನೆಯ ಪಾಠ ತಿಳಿದಿರಲಿಲ್ಲ.

ಮೂರನೆಯ ಭಯ ಸ್ಥಳದ್ದು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಮಹಾರಾಷ್ಟ್ರದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಹೊರನಾಡಿನಲ್ಲಿ ಹುಟ್ಟಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಹಳೆಯ ಚಿತ್ರಗಳನ್ನು ಕಾಪಾಡಲೆಂದೇ ನಮ್ಮ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಆ ಸಂಗ್ರಹಾಲಯದ ಉಗ್ರಾಣವೊಂದಕ್ಕೂ 2003ರ ಜನವರಿಯಲ್ಲಿ ಬೆಂಕಿ ಬಿದ್ದು, ಬೇಗನೆ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿನ ನೂರಾರು ಚಿತ್ರಗಳು ನಾಶವಾದವು. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3–2–1 ಸೂತ್ರದ ಕೊನೆಯ ಅಂಕಿ ಈ ಭಯಕ್ಕೇ ಉತ್ತರ: ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ.

ಇಷ್ಟನ್ನು ತಿಳಿದ ಮೇಲೆ ಆಯ್ಕೆ ಕಷ್ಟವಾಗಲಿಲ್ಲ. ಮೊದಲಿಗೆ, ಕಚೇರಿಯಲ್ಲಿ ಮುಗಿದ ಕಡತಗಳಿಗೆ ಮಾಡುವ ವರ್ಗೀಕರಣವನ್ನೇ ಮನೆಗೂ ತಂದೆವು. ಕೇಂದ್ರ ಸಚಿವಾಲಯದ ಪದ್ಧತಿಯಲ್ಲಿ ‘ಎ’ ವರ್ಗದ ಕಡತವನ್ನು ಕಾಯಬೇಕು, ಮೈಕ್ರೋಫಿಲ್ಮ್‌ನಂಥ ಪ್ರತಿಯನ್ನೂ ಮಾಡಬೇಕು. ‘ಬಿ’ ವರ್ಗದ್ದನ್ನು ಕಾಯಬೇಕು. ‘ಸಿ’ ವರ್ಗದ್ದು ಗೊತ್ತುಪಡಿಸಿದ ಅವಧಿಗೆ ಮಾತ್ರ. ಡಿವಿಡಿಯಿಂದ ಇಳಿಸಿದ ಚಲನಚಿತ್ರಗಳು ಮತ್ತೆ ಸಿಗುವಂಥವು, ಅವು ‘ಸಿ’. ಛಾಯಾಚಿತ್ರಗಳಲ್ಲಿ ಬಹುಪಾಲು ‘ಬಿ’. ಅಜ್ಜಿಯ ಪದಗಳು, ಮದುವೆಯ ಚಿತ್ರಣ, ತೀರಿಕೊಂಡವರ ಧ್ವನಿಗಳು ‘ಎ’. ಮೂರು ಟೆರಾಬೈಟ್‌ಗಳಲ್ಲಿ ‘ಎ’ ವರ್ಗದ್ದು 40 ಗಿಗಾಬೈಟ್ ಕೂಡ ಇರಲಿಲ್ಲ. ಕಾಯಬೇಕಾದದ್ದು ಇಷ್ಟೇ ಎಂದು ತಿಳಿದಾಗ ಅರ್ಧ ಭಯ ಕಡಿಮೆಯಾಯಿತು.

ಮನೆಯ ಡಿಸ್ಕಿಗೆ ಆರ್‌ಸಿಂಕ್; ಅಳಿಸಿದ್ದನ್ನೆಲ್ಲ ದಿನಾಂಕದ ಫೋಲ್ಡರಿಗೆ ಸರಿಸುವಂತೆ ಹೇಳಿದ್ದೇವೆ, ಯಾರು ಬೇಕಾದರೂ ತೆರೆದು ನೋಡಬಹುದು. ಧಾರವಾಡಕ್ಕೆ ಹೋಗುವ ಡಿಸ್ಕಿಗೆ ರೆಸ್ಟಿಕ್. ಹಳೆಯ ಸ್ಥಿತಿಗಳು ಅದರಲ್ಲಿರುತ್ತವೆ, ಬೆರಳಚ್ಚಿನ ಪರೀಕ್ಷೆಯೂ ಆಗುತ್ತದೆ. ‘ಎ’ ವರ್ಗದ್ದನ್ನು ಅದೇ ರೆಸ್ಟಿಕ್‌ನಿಂದ ಬಾಡಿಗೆಯ ಕ್ಲೌಡ್ ಸಂಗ್ರಹಕ್ಕೂ ಕಳುಹಿಸುತ್ತೇವೆ. ರೆಸ್ಟಿಕ್ ಎಲ್ಲವನ್ನೂ ಗೂಢಲಿಪಿಯಲ್ಲಿ ಇಡುವುದರಿಂದ ಪಾಸ್‌ವರ್ಡ್ ಕಳೆದರೆ ಎಲ್ಲವೂ ಕಳೆದಂತೆ. ಅದನ್ನು ಕಾಗದದ ಮೇಲೆ ಬರೆದು ಎರಡು ಮನೆಗಳಲ್ಲಿ ಕೊಟ್ಟಿದ್ದೇವೆ.

ಕಳೆದ ದೀಪಾವಳಿಗೆ ಆ ಡಿಸ್ಕನ್ನು ಧಾರವಾಡಕ್ಕೆ ಒಯ್ದೆವು. “ಏನದ ಇದ್ರಾಗ?” ಎಂದರು ಅಕ್ಕ. ಅಜ್ಜಿಯ ಹಾಡು ಎಂದೆವು. “ಹಂಗಾದ್ರ ತಿಜೋರ್ಯಾಗ ಇಡ್ತೀನಿ ತಗೋರಿ,” ಎಂದವರು, ಇಡುವ ಮುನ್ನ, “ಒಂದು ಹಚ್ಚರಿ, ಕೇಳೂಣು,” ಎಂದರು. ಮರಳಿ ತೆಗೆಯುವ ಪರೀಕ್ಷೆ ಹಾಗೆ ತಾನಾಗಿ ನಡೆಯಿತು. ಅವರ ಮಗನ ಲ್ಯಾಪ್‌ಟಾಪಿಗೆ ರೆಸ್ಟಿಕ್ ಹಾಕಿ, ಕಾಗದ ನೋಡಿ ಪಾಸ್‌ವರ್ಡ್ ಕೊಟ್ಟು, ಒಂದು ಕ್ಯಾಸೆಟ್ಟಿನಷ್ಟು ಹಾಡನ್ನು ಹೊರತೆಗೆದೆವು. ಬೀಸುಕಲ್ಲಿನ ಸದ್ದಿನೊಡನೆ ಅಜ್ಜಿಯ ದನಿ ಬಂದಿತು.

ಉಳಿದ ನಾಲ್ಕು ಕ್ಯಾಸೆಟ್ಟುಗಳ ಸಂಗತಿಯನ್ನು ಆಗ ಹೇಳಬೇಕಾಯಿತು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವುಗಳಲ್ಲಿದ್ದ ಎರಡು ಪದಗಳು ತಮಗೆ ಬರುತ್ತವೆ ಎಂದರು. ಹಾಡಿದರು, ನಡುವೆ ಎರಡು ಮೂರು ನುಡಿಗಳು ನೆನಪಿಗೆ ಬರಲಿಲ್ಲ, ಒಂದು ಕಡೆ ಇದು ಅಜ್ಜಿ ಹೇಳಿದ್ದೋ ತಾವು ಸೇರಿಸಿದ್ದೋ ಎಂದು ಅವರಿಗೇ ಸಂದೇಹ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಎಲ್ಲೆಲ್ಲಿ ನುಡಿ ಬಿಟ್ಟಿದೆ, ಎಲ್ಲಿ ಸಂದೇಹವಿದೆ ಎಂದು ಜೊತೆಗೊಂದು ಪುಟ ಬರೆದಿಟ್ಟೆವು. ಕಡತದ ಹೆಸರಿನಲ್ಲಿ ಅಜ್ಜಿಯದಲ್ಲ, ಅಕ್ಕನ ಪಾಠ ಎಂದು ನಮೂದಿಸಿದ್ದೇವೆ. ಅದು ಈಗ ‘ಎ’ ವರ್ಗದಲ್ಲಿದೆ.